ಹೆಚ್ಚು, ಸಾಕಷ್ಟು, ಕಡಿಮೆ

ತೊಂಬತ್ತರ ದಶಕದ ಕೊನೆಯಲ್ಲಿ, ಸುಮಾರು ಎರಡು ವರ್ಷ, ಕೊಟ್ಟೂರಿನ ಒಬ್ಬ ಸಗಟು ಕಿರಾಣಿ ವ್ಯಾಪಾರಿಯ ಟೆಂಪೋ ಯಾವ ದಿನ ಯಾವ ಊರಿಗೆ ಏನು ಹೊತ್ತು ಹೋಗಬೇಕು ಎಂಬುದನ್ನು ನಾನು ತೀರ್ಮಾನಿಸುತ್ತಿದ್ದೆ. ಈಗ ಹೇಳಿಕೊಂಡರೆ ನಗು ಬರುತ್ತದೆ. ನಾನು ವ್ಯಾಪಾರಿಯಲ್ಲ, ಗಾಡಿ ಓಡಿಸಲು ಬರುತ್ತಿರಲಿಲ್ಲ, ಮನೆಯಿಂದ ಚೀಟಿ ಬರೆದುಕೊಟ್ಟರೂ ಅಂಗಡಿಯಿಂದ ಅರ್ಧ ಸಾಮಾನು ಮರೆತು ಬರುವ ಜಾತಿ. ಕಾಲೇಜಿನಲ್ಲಿ ಗಣಿತ ಪಾಠ ಮಾಡುವುದು ನನ್ನ ಕೆಲಸ. ಬೋರ್ಡಿನ ಮೇಲೆ ವರ್ಷಗಟ್ಟಲೆ ಒಂದೇ ಲೆಕ್ಕ ಬಿಡಿಸಿದ್ದೆ: ಮೂರು ಕಾರ್ಖಾನೆ, ನಾಲ್ಕು ಗೋದಾಮು, ಸಾಗಣೆಯ ಖರ್ಚು ಅತಿ ಕಡಿಮೆ ಆಗುವಂತೆ ಸರಕು ಹಂಚಿರಿ. ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಪಾಸಾಗುತ್ತಿದ್ದರು. ಆ ಕಾರ್ಖಾನೆಗಳಲ್ಲಿ ಏನು ತಯಾರಾಗುತ್ತಿತ್ತು ಎಂದು ಅವರೂ ಕೇಳಲಿಲ್ಲ, ನಾನೂ ಯೋಚಿಸಿರಲಿಲ್ಲ.

ವ್ಯಾಪಾರಿ ನನ್ನ ಮನೆಯ ಮಾಲೀಕರೂ ಹೌದು. ಅವರ ಗೋದಾಮಿನ ಮೇಲಿನ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ಕೆಳಗೆ ಮೆಣಸಿನಕಾಯಿ ಚೀಲ ಇಳಿಸಿದ ದಿನ ಮೇಲೆ ನಾನೂ ನನ್ನ ಹೆಂಡತಿಯೂ ಸಾಲಾಗಿ ಸೀನುತ್ತಿದ್ದೆವು. ಊರೆಲ್ಲ ಅವರನ್ನು ಸಾಹುಕಾರರು ಎನ್ನುತ್ತಿತ್ತು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ನಾಲ್ಕೂ ದಿಕ್ಕಿಗೆ ಅವರ ನಲವತ್ತಕ್ಕೂ ಹೆಚ್ಚು ಏಜೆನ್ಸಿ ಅಂಗಡಿಗಳಿದ್ದವು. ಒಂದು ಹಳ್ಳಿಗೆ ಒಂದೇ ಅಂಗಡಿ. ಬಾಗಿಲ ಮೇಲೆ ಸಾಹುಕಾರರ ತಗಡಿನ ಬೋರ್ಡು ಇದ್ದರೆ ಅಕ್ಕಿ, ಉಪ್ಪು, ಬೆಲ್ಲ, ಎಣ್ಣೆ, ಅರಿಶಿನ, ಕುಂಕುಮ ಎಲ್ಲ ವಾರಕ್ಕೊಮ್ಮೆ ಟೆಂಪೋದಲ್ಲಿ ಮನೆ ಬಾಗಿಲಿಗೆ ಬರುತ್ತಿತ್ತು. ಬೋರ್ಡು ಹೋದರೆ ಬಸ್ಸಿನ ಟಾಪಿನ ಮೇಲೆ ಚೀಲ ಹಾಕಿಸಿಕೊಂಡು ತಾವೇ ತರಬೇಕು. ಅಂಥ ಅಂಗಡಿ ಹೆಚ್ಚು ದಿನ ನಡೆಯುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಸಾಹುಕಾರರು ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ತಡೆದರು. ಟೆಂಪೋ ವಾರದಲ್ಲಿ ಎರಡು ದಿನ ಅರ್ಧ ಸರಕು ಹಾಗೆಯೇ ಹೊತ್ತು ವಾಪಸು ಬರುತ್ತಿತ್ತು, ಅದೇ ವಾರ ಇನ್ನೆರಡು ಊರಿನವರು ಸರಕು ಸಾಲಲಿಲ್ಲ ಎಂದು ತಕರಾರು ಹೇಳುತ್ತಿದ್ದರು. ಇದನ್ನೆಲ್ಲ ಹೇಳಿ ಕೇಳಿದರು, "ಮೇಷ್ಟ್ರೆ, ನಿಮ್ಮ ಗಣಿತ ಬರೇ ಬೋರ್ಡಿನ ಮ್ಯಾಲ ನಡೀತೈತೋ, ರೋಡಿನ ಮ್ಯಾಲೂ ನಡೀತೈತೋ?"

ಚುಚ್ಚಿದ್ದು ನಾಟಿತು. ನಡೆಯುತ್ತದೆ ಎಂದು ಹೇಳಿಬಿಟ್ಟೆ. ಹೇಳಿದ ಮೇಲೆ ನಡೆಸಲೇಬೇಕಾಯಿತು.

ಅಲ್ಲಿಯವರೆಗೆ ಆ ಕೆಲಸವನ್ನು ತಲೆಯಲ್ಲೇ ಮಾಡುತ್ತಿದ್ದವರು ಟೆಂಪೋದ ಡ್ರೈವರ್. ಹರಪನಹಳ್ಳಿಯ ಸಾಬರು, ಐವತ್ತರ ಆಸುಪಾಸು, ಮೊದಲು ಮೆಕ್ಯಾನಿಕ್ ಆಗಿದ್ದವರು. ಮಾತು ಕಡಿಮೆ, ಕೇಳಿದ್ದಕ್ಕೆ ಉತ್ತರ. ನಾನು ಮೂರು ಸಂಜೆ ಅವರನ್ನು ಎದುರಿಗೆ ಕೂರಿಸಿಕೊಂಡು ದಾರಿಗಳ ಪಟ್ಟಿ ಮಾಡಿದೆ. ಯಾವ ಊರಿಗೆ ಎಷ್ಟು ಮೈಲಿ, ಯಾವ ಹಳ್ಳದಲ್ಲಿ ಮಳೆ ಬಂದರೆ ಗಾಡಿ ಇಳಿಯುವುದಿಲ್ಲ, ಎಲ್ಲಿ ಸಂತೆಯ ದಿನ ರಸ್ತೆಯೇ ಸಿಗುವುದಿಲ್ಲ. ಹಡಗಲಿ ಕಡೆಯ ಅಂಗಡಿಗಳಿಗೆ ಬೆಳಿಗ್ಗೆ ಬೇಗ ಹೋಗಿ ಪ್ರಯೋಜನವಿಲ್ಲ ಎಂದರು. ಅಲ್ಲಿಯವರು ಮೊದಲು ಮಲ್ಲಿಗೆ ಮೊಗ್ಗನ್ನು ಬಸ್ಸಿಗೆ ಹತ್ತಿಸಬೇಕು, ಅಂಗಡಿ ತೆರೆಯುವುದು ಆಮೇಲೆ. ಹುಣ್ಣಿಮೆ ಹತ್ತಿರ ಬಂತೆಂದರೆ ಉಚ್ಚಂಗಿದುರ್ಗಕ್ಕೆ ಕುಂಕುಮ, ಕರ್ಪೂರ ಎರಡು ಪಟ್ಟು ಹೋಗಬೇಕು. ಅಮಾವಾಸ್ಯೆಯ ದಿನ ಟೆಂಪೋಗೆ ಪೂಜೆಯಾಗಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯುವ ತನಕ ಸಾಹುಕಾರರು ಗಾಡಿ ಬಿಡುವುದಿಲ್ಲ, ಆದ್ದರಿಂದ ಆ ದಿನ ಎರಡು ಊರು ಕಡಿಮೆ. ಇವನ್ನೆಲ್ಲ ನಾನು ಷರತ್ತುಗಳು ಎಂದು ಬರೆದುಕೊಂಡೆ. ಪುಸ್ತಕದ ಲೆಕ್ಕದಲ್ಲಿ ಇಂಥ ಷರತ್ತುಗಳು ನಾಲ್ಕೈದು ಇರುತ್ತಿದ್ದವು, ಇಲ್ಲಿ ಎರಡು ಹಾಳೆ ತುಂಬಿದವು. ಅಮಾವಾಸ್ಯೆಗೂ ಒಂದು ಸಮೀಕರಣ ಬರೆದಾಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಉಳಿದದ್ದು ಒಂದೇ: ಯಾವ ಅಂಗಡಿಯಲ್ಲಿ ಎಷ್ಟು ಸರಕು ಉಳಿದಿದೆ ಎಂದು ವಾರವಾರ ತಿಳಿಯಬೇಕು. ಚೀಲ ಎಣಿಸಿ ಬರೆದು ತರಲಿ ಎಂದೆ. ಸಾಹುಕಾರರು ಬೇಡವೆಂದರು. ಬೇರೆಯವರು ಬಂದು ತಮ್ಮ ಅಂಗಡಿಯ ಚೀಲ ಎಣಿಸುವುದು ಯಾರಿಗೂ ಇಷ್ಟವಾಗುವುದಿಲ್ಲ, ದೃಷ್ಟಿಯಾಗುತ್ತದೆ ಎನ್ನುತ್ತಾರೆ, ಗಾಡಿಯೂ ಒಂದೊಂದು ಕಡೆ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ ಎಂಬುದು ಅವರ ವಾದ. ಕೊನೆಗೆ ಒಂದು ನಮೂನೆ ಮಾಡಿದೆ. ಎಡಕ್ಕೆ ಸರಕಿನ ಹೆಸರು, ಬಲಕ್ಕೆ ಮೂರು ಕಾಲಂ: ಹೆಚ್ಚು, ಸಾಕಷ್ಟು, ಕಡಿಮೆ. ಡ್ರೈವರ್ ಕೇಳಬೇಕು, ಅಂಗಡಿಯವರು ಹೇಳಬೇಕು, ಡ್ರೈವರ್ ಗುರುತು ಹಾಕಬೇಕು. ಒಂದೊಂದು ಕಾಲಂಗೆ ಒಂದೊಂದು ಅಂಕಿ ಕೊಟ್ಟು ನಾನು ಲೆಕ್ಕಕ್ಕೆ ಸೇರಿಸುತ್ತಿದ್ದೆ. ಹೆಚ್ಚು ಎಂದರೆ ಮುಂದಿನ ವಾರ ಅರ್ಧ, ಮತ್ತೆ ಹೆಚ್ಚು ಎಂದರೆ ಏನೂ ಇಲ್ಲ. ಕಡಿಮೆ ಎಂದರೆ ಪೂರ್ತಿ ತುಂಬಿಸಬೇಕು.

ಡ್ರೈವರ್ ನಮೂನೆಯನ್ನು ತಿರುಗಿಸಿ ಮುರುಗಿಸಿ ನೋಡಿ, ತಾವು ಅಂಗಡಿಯೊಳಗೆ ಕಣ್ಣು ಹಾಯಿಸಿದರೆ ಗೊತ್ತಾಗುತ್ತದೆ, ತಮ್ಮ ಅಂದಾಜನ್ನೇ ಬರೆದರೆ ಸಾಲದೇ ಎಂದು ಕೇಳಿದರು. ಅಂದಾಜಿನಿಂದಲೇ ಇಷ್ಟು ವರ್ಷ ಗಾಡಿ ಅರ್ಧ ತುಂಬಿ ವಾಪಸು ಬಂದದ್ದು ಎಂದು ನಾನು ತುಸು ಗಡುಸಾಗಿಯೇ ಹೇಳಿದೆ. "ಅವರು ಏನ್ ಅಂತಾರೋ ಅದನ್ನಷ್ಟೇ ಬರೀರಿ. ನಿಮ್ಮದೇನೂ ಸೇರಸಬ್ಯಾಡ್ರಿ."

ಅವರು ತಲೆಯಾಡಿಸಿ ಕಾಗದಗಳನ್ನು ಸೀಟಿನ ಕೆಳಗೆ ಇಟ್ಟುಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ. ಕಂಡಿದ್ದರೂ ಆಗ ನನಗೆ ಓದಲು ಪುರುಸೊತ್ತಿರಲಿಲ್ಲ.

ಕೊಟ್ಟೂರಿನಲ್ಲಿ ಆಗ ತಾನೇ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ತೆರೆದಿತ್ತು. ಅಲ್ಲಿ ಮಧ್ಯಾಹ್ನದ ಹೊತ್ತು ಒಂದು ಯಂತ್ರ ಖಾಲಿ ಇರುತ್ತಿತ್ತು. ಶನಿವಾರ ಪಾಠ ಮುಗಿಸಿ ಅಲ್ಲಿಗೆ ಹೋಗಿ ನಮೂನೆಗಳ ಗುರುತುಗಳನ್ನು ಅಂಕಿಗಳಾಗಿ ತುಂಬಿಸುತ್ತಿದ್ದೆ. ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಎರಡು ಸಲ ಹೋದ ದಿನ ಊಟವಿಲ್ಲ. ಆದರೆ ಲೆಕ್ಕ ಹೊರಬಿದ್ದಾಗ ಸೊಗಸಾಗಿರುತ್ತಿತ್ತು. ಸೋಮವಾರ ಹಗರಿಬೊಮ್ಮನಹಳ್ಳಿ ದಾರಿ, ಇಷ್ಟು ಅಕ್ಕಿ, ಇಷ್ಟು ಬೆಲ್ಲ, ಮಂಗಳವಾರ ಹರಪನಹಳ್ಳಿ, ಒಂದೊಂದು ಅಂಗಡಿಗೂ ಒಂದೊಂದು ಸಾಲು. ಮೊದಲ ತಿಂಗಳಲ್ಲೇ ಟೆಂಪೋ ವಾಪಸು ಬರುವಾಗ ಬಹುಮಟ್ಟಿಗೆ ಬರಿದಾಗಿರತೊಡಗಿತು. ಹಡಗಲಿಯ ತಕರಾರು ನಿಂತಿತು. ಸಾಹುಕಾರರು ಬಂದುಹೋದವರಿಗೆಲ್ಲ ಮೇಲಿನ ಕೋಣೆಯ ಕಡೆ ಬೆರಳು ತೋರಿಸಿ, ಅಲ್ಲೊಬ್ಬರು ಮೇಷ್ಟ್ರು ಇದ್ದಾರೆ, ಕೂತಲ್ಲೇ ಗಾಡಿ ಓಡಿಸುತ್ತಾರೆ ಎನ್ನುತ್ತಿದ್ದರು. ನನಗೂ ಅದು ಖುಷಿಯೇ. ಕಾಲೇಜಿನಲ್ಲಿ ಆ ಮೂರು ಕಾರ್ಖಾನೆ, ನಾಲ್ಕು ಗೋದಾಮಿನ ಲೆಕ್ಕ ಬಂದಾಗ ಎದೆ ಸೆಟೆಸಿ ಪಾಠ ಮಾಡುತ್ತಿದ್ದೆ.

ಎರಡನೆಯ ತಿಂಗಳಿನಲ್ಲಿ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಏಳು ಅಂಗಡಿಗಳಲ್ಲಿ ವಾರವಾರವೂ "ಹೆಚ್ಚು" ಎಂದೇ ಗುರುತು. ಅರ್ಧ ಕಳಿಸಿದರೂ ಹೆಚ್ಚು, ಏನೂ ಕಳಿಸದಿದ್ದರೂ ಹೆಚ್ಚು. ಅಕ್ಕಿ, ಉಪ್ಪು, ಎಣ್ಣೆ, ಅರಿಶಿನ, ಕುಂಕುಮ ಇವು ಮಾತ್ರ. ಬೆಲ್ಲ, ಬೀಡಿ, ಬೆಂಕಿಪೊಟ್ಟಣ, ಸೋಪಿನ ಸಾಲುಗಳು ಎಲ್ಲರ ಹಾಗೆ ಏರಿಳಿಯುತ್ತಿದ್ದವು. ಆ ಏಳು ಹೆಸರುಗಳನ್ನು ಪಟ್ಟಿಯಲ್ಲಿ ಹುಡುಕಿದೆ. ಏಳೂ ಹೆಂಗಸರು ನಡೆಸುವ ಅಂಗಡಿಗಳು.

ಗಣಿತ ಓದಿದವನಿಗೆ ಇಂಥದೊಂದು ಸಿಕ್ಕರೆ ಹಬ್ಬ. ಯಾರೂ ಕಾಣದ್ದನ್ನು ಅಂಕಿಗಳು ನನಗೆ ತೋರಿಸಿವೆ ಎನ್ನಿಸಿತು. ಆ ಏಳು ಅಂಗಡಿಗಳಲ್ಲಿ ಒಂದನ್ನೂ ನಾನು ನೋಡಿರಲಿಲ್ಲ. ಆದರೂ ಕೂತು ಒಂದು ಪುಟದ ವರದಿ ಬರೆದೆ. ಹೆಂಗಸರು ನಡೆಸುವ ಅಂಗಡಿಗಳಲ್ಲಿ ಸರಕು ನಿಂತಿದೆ, ಅವರು ತಮ್ಮ ಊರಿನ ಬೇಡಿಕೆಯನ್ನು ಸರಿಯಾಗಿ ಅಳೆಯಲಾರರು, ಈ ಏಜೆನ್ಸಿಗಳನ್ನು ಮರುಪರಿಶೀಲಿಸುವುದು ಒಳ್ಳೆಯದು ಎಂದು. ಈ ವಾಕ್ಯ ನನ್ನದೇ, ನನ್ನ ಕೈಬರಹದ್ದೇ. ಅದನ್ನು ನೆನೆದಾಗಲೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ.

ಸಾಹುಕಾರರು ವರದಿ ಓದಿ ತಮ್ಮ ಪುಸ್ತಕ ತೆಗೆದು ನೋಡಿದರು. ಆ ಏಳು ಅಂಗಡಿಗಳಿಗೆ ಎರಡು ತಿಂಗಳಿಂದ ಸರಕೇ ಹೋಗಿರಲಿಲ್ಲ ಎನ್ನುವಷ್ಟು ಕಡಿಮೆ ಹೋಗಿತ್ತು. ಮೇಷ್ಟ್ರ ಮಾತು ಖರೆ ಐತಿ ಎಂದರು. ನನ್ನ ಲೆಕ್ಕವೇ ಸರಕು ನಿಲ್ಲಿಸಿತ್ತು, ಸರಕು ಹೋಗದಿದ್ದುದನ್ನೇ ನಾವಿಬ್ಬರೂ ನನ್ನ ಲೆಕ್ಕಕ್ಕೆ ಸಾಕ್ಷಿ ಎಂದುಕೊಂಡೆವು. ಆ ಹೊತ್ತಿನಲ್ಲಿ ಇದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಏಳರಲ್ಲಿ ಎಲ್ಲಕ್ಕಿಂತ ಹೆಚ್ಚು "ಹೆಚ್ಚು" ಇದ್ದದ್ದು ಗುಡೇಕೋಟೆ ಕಡೆಯ ಒಂದು ಹಳ್ಳಿಯ ಅಂಗಡಿ. ಗುಡ್ಡಗಳ ನಡುವೆ ದನ ಮೇಯಿಸುವವರ, ಹೊಲದ ಕೆಲಸದವರ ಊರು. ಅಂಗಡಿ ನಡೆಸುತ್ತಿದ್ದಾಕೆಯ ಗಂಡ ಕುರಿ ಹಿಂಡಿನ ಜೊತೆ ವರ್ಷದಲ್ಲಿ ಅರ್ಧ ಊರಾಚೆಯೇ. ಆಕೆ, ಅತ್ತೆ, ಅಂಗಡಿ, ಇಷ್ಟೇ ಸಂಸಾರ. ಅವರ ಎದುರಿನ ಮನೆಯವನು ಆ ಬೋರ್ಡಿನ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದ. ಸಾಹುಕಾರರು ಅವನನ್ನು ಕರೆಸಿ, ನನ್ನ ವರದಿಯನ್ನು ಅವನೆದುರೇ ಓದಿ, ಮುಂದಿನ ತಿಂಗಳಿಂದ ಏಜೆನ್ಸಿ ನಿನಗೆ ಎಂದು ಮಾತು ಕೊಟ್ಟರು. ಉಳಿದ ಆರು ಅಂಗಡಿಗಳಿಗೆ ಎಚ್ಚರಿಕೆಯ ಪತ್ರ ಹೋಯಿತು.

ಆ ವಾರ ಡ್ರೈವರ್ ಮೆಟ್ಟಿಲು ಹತ್ತಿ ಬಂದರು. ಅವರು ಮೇಲೆ ಬಂದದ್ದು ಅದೇ ಮೊದಲು. ಬಾಗಿಲ ಹೊರಗೇ ನಿಂತು, ಚಹಾ ಬೇಡವೆಂದು, ನಾಳೆ ಕೂಡ್ಲಿಗಿ ದಾರಿಗೆ ಹೊರಡುತ್ತೇನೆ, ರಜೆ ಇದ್ದರೆ ಒಮ್ಮೆ ಗಾಡಿಯಲ್ಲಿ ಬನ್ನಿ ಎಂದರು. ಯಾಕೆ ಎಂದೆ. "ನೋಡಿ ಬರೋಣ ಬರ್ರಿ ಸರ್" ಎಂದಷ್ಟೇ ಹೇಳಿ ಇಳಿದು ಹೋದರು.

ಹೋದೆ. ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ನನ್ನದೇ ಪಟ್ಟಿಯಂತೆ ಊರೂರು ಸುತ್ತುವುದು ಮೊದಮೊದಲು ಗಮ್ಮತ್ತಾಗಿತ್ತು. ಕೂಡ್ಲಿಗಿಯ ಅಂಗಡಿಯವರು ಬಾಗಿಲಲ್ಲೇ ನಿಂತು ಉಪ್ಪು ಖಾಲಿ, ಬೆಲ್ಲ ನಡೀತೈತಿ, ಎಣ್ಣಿ ಇನ್ನೂ ಐತಿ ಎಂದು ಪಟಪಟನೆ ಹೇಳಿದರು. ಡ್ರೈವರ್ ಗುರುತು ಹಾಕಿದರು. ಎಲ್ಲ ನಾನು ಅಂದುಕೊಂಡಿದ್ದ ಹಾಗೆಯೇ. ಗುಡೇಕೋಟೆ ದಾಟಿ ಆ ಹಳ್ಳಿ ತಲುಪಿದಾಗ ಮಧ್ಯಾಹ್ನ.

ಅಂಗಡಿ ಎಂದರೆ ಮನೆಯ ಮುಂದಿನ ಪಡಸಾಲೆ. ಗೋಡೆಗೆ ಹಲಗೆ, ಹಲಗೆಯ ಮೇಲೆ ಡಬ್ಬಿಗಳು. ನೆಲದ ಮೇಲೆ ಮಡಚಿಟ್ಟ ಗೋಣಿಚೀಲಗಳು, ಒಂದರ ಮೇಲೊಂದು, ಅಂಚು ಸರಿಮಾಡಿ. ಉಪ್ಪು ತುಂಬುವ ಮರದ ಮರಿಗೆ ತೊಳೆದು ಕವಿಚಿ ಹಾಕಿತ್ತು. ಎಣ್ಣೆ ಡಬ್ಬಿಯ ಮುಚ್ಚಳ ಪಕ್ಕದಲ್ಲಿ ಬಿದ್ದಿತ್ತು, ಒಳಗೆ ತಳ ಹೊಳೆಯುತ್ತಿತ್ತು. ಒಂದಿಷ್ಟು ಬೆಲ್ಲ, ಸೋಪು, ಬೀಡಿ, ಬೆಂಕಿಪೊಟ್ಟಣ ಬಿಟ್ಟರೆ ಆ ಪಡಸಾಲೆಯಲ್ಲಿ ಮಾರುವಂಥದ್ದು ಏನೂ ಇರಲಿಲ್ಲ. ಅತ್ತೆ ಮೂಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅಂಗಡಿಯಾಕೆ ಎದ್ದು ಬಂದು ಸೆರಗು ಸರಿಮಾಡಿಕೊಂಡು ನಿಂತರು. ವಯಸ್ಸು ಮೂವತ್ತೈದಿರಬಹುದು.

ಡ್ರೈವರ್ ನನ್ನತ್ತ ಒಮ್ಮೆ ನೋಡಿ, ನಮೂನೆ ತೆಗೆದು, ಯಾವಾಗಲೂ ಕೇಳುವಂತೆ ಕೇಳಿದರು. ಅಕ್ಕಿ ಹೆಂಗೈತಿ, ಉಪ್ಪು ಹೆಂಗೈತಿ.

"ಎಲ್ಲಾ ಹೆಚ್ಚ್ಯಾವ ಡ್ರೈವರಣ್ಣ," ಎಂದರು ಆಕೆ. "ಉಪ್ಪು ಹೆಚ್ಚೈತಿ, ಅಕ್ಕಿ ಹೆಚ್ಚ್ಯಾವ. ಅರಿಷಿಣ ಕುಂಕುಮ ಹೆಚ್ಚಾಗಿ ಹದಿನೈದು ದಿನ ಆತು."

ಡ್ರೈವರ್ "ಹೆಚ್ಚು" ಕಾಲಂನಲ್ಲಿ ಐದು ಗುರುತು ಹಾಕಿದರು. ಒಂದೊಂದನ್ನೂ ನಿಧಾನವಾಗಿ, ನನಗೆ ಕಾಣುವಂತೆ ಹಾಕಿದರು.

ಇದರ ಅರ್ಥ ಗೊತ್ತಿಲ್ಲದ ಕನ್ನಡದ ಮನೆ ನಮ್ಮ ಕಡೆ ಇಲ್ಲ. ಅಕ್ಕಿ ತೀರಿತು ಎನ್ನಬಾರದು, ಉಪ್ಪು ಇಲ್ಲ ಎನ್ನಬಾರದು, ಕುಂಕುಮ ಖಾಲಿ ಎನ್ನುವುದಂತೂ ಬಾಯಲ್ಲಿ ಬರಲೇಬಾರದು. ಮನೆಯಲ್ಲಿ ಲಕ್ಷ್ಮಿ ಇರುವ ಜಾಗಕ್ಕೆ ಇಲ್ಲ ಎಂಬ ಮಾತು ತಾಗಬಾರದು. ಅದಕ್ಕೆ ತೀರಿದ್ದನ್ನು ಹೆಚ್ಚಾಯಿತು ಎನ್ನುತ್ತಾರೆ, ಒಡೆದ ಬಳೆಯನ್ನೂ ಹೆಚ್ಚಿತು ಎನ್ನುತ್ತಾರೆ. ನನ್ನ ತಾಯಿ ಹಾಗೇ ಅನ್ನುತ್ತಿದ್ದರು. ನನ್ನ ಹೆಂಡತಿ ಅದೇ ವಾರ ಅಡುಗೆಮನೆಯಿಂದ ಉಪ್ಪು ಹೆಚ್ಚೈತಿ ಎಂದು ಕೂಗಿದ್ದಳು, ನಾನು ಕೆಳಗಿಳಿದು ಹೋಗಿ ಒಂದು ಪೊಟ್ಟಣ ತಂದಿದ್ದೆ. ಅದೇ ಮಾತು ಕಾಲಂನಲ್ಲಿ ಬಿದ್ದು ಬಂದಾಗ ಎರಡು ತಿಂಗಳು ಅದನ್ನು ದಾಸ್ತಾನು ಎಂದು ಓದಿದೆ. ಮನೆಯಲ್ಲಿ ಕೇಳುವ ಕಿವಿ ಬೇರೆ, ಕಾಗದ ಓದುವ ಕಣ್ಣು ಬೇರೆ ಎಂದು ಯಾರಾದರೂ ಸಮಾಧಾನ ಹೇಳಬಹುದು. ನನಗೆ ಆ ಸಮಾಧಾನ ಸಾಲಲಿಲ್ಲ.

ಆಕೆಗೆ ಏನೂ ಹೇಳದೆ ಗಾಡಿ ಹತ್ತಿದೆ. ಗಾಡಿಯಲ್ಲಿ ಆ ದಿನ ಆ ಅಂಗಡಿಯ ಹೆಸರಿನಲ್ಲಿ ಅಕ್ಕಿಯೂ ಇರಲಿಲ್ಲ, ಉಪ್ಪೂ ಇರಲಿಲ್ಲ. ನಾನೇ ಸೊನ್ನೆ ಬರೆದಿದ್ದೆ. ಅರ್ಧ ದಾರಿಯಲ್ಲಿ ನಾನೇ, ಇದು ನಿಮಗೆ ಮೊದಲಿನಿಂದಲೂ ಗೊತ್ತಿತ್ತಲ್ಲ ಎಂದೆ.

"ಗೊತ್ತಿಲ್ದೆ ಏನ್ರಿ ಸರ್. ಇಪ್ಪತ್ತು ವರ್ಸ ಆತು ಈ ರೋಡಿನ್ಯಾಗ. ಹೆಚ್ಚೈತಿ ಅಂದ್ರ ಚೀಲ ಇಳಸ್ತಿದ್ದೆ, ಮುಗೀತು. ನೀವು ಅವರು ಅಂದದ್ದಷ್ಟೇ ಬರಿ ಅಂದ್ರಿ. ಬರದೆ. ಸರಕು ಯಾಕ ಬರಲಿಲ್ಲ ಅಂತ ಅವರು ಕೇಳಿದ್ರ, ಮೇಷ್ಟ್ರ ಪಟ್ಟಿಯಾಗ ಇಲ್ಲ ಅಂತಿದ್ದೆ."

ಒಮ್ಮೆ ಹೇಳಬಹುದಿತ್ತು ಎಂದೆ. ಮೂರನೆಯ ವಾರ ಗೋದಾಮಿನ ಬಾಗಿಲಲ್ಲಿ ಒಂದು ಮಾತು ಸರ್ ಎಂದು ತಾವು ಬಂದಿದ್ದಾಗಿಯೂ, ಕಾಗದ ಕೊಡ್ರಿ ಸಾಕು ಎಂದು ನಾನು ಅವರ ಕೈಯಿಂದ ಕಿತ್ತುಕೊಂಡು ಕಾಲೇಜಿಗೆ ಓಡಿದ್ದಾಗಿಯೂ ನೆನಪಿಸಿದರು. ನನಗೆ ಅದು ನೆನಪಿರಲಿಲ್ಲ. ನಡೆದಿರಬೇಕು; ಆಗಿನ ನಾನು ಹಾಗೆಯೇ ಇದ್ದೆ. ಅವರೂ ಸುಮ್ಮನೆ ಕೂತದ್ದು ಸರಿಯಲ್ಲ ಎಂದು ಆ ಕ್ಷಣ ಸಿಟ್ಟು ಬಂತು. ಎರಡು ತಿಂಗಳು ಆ ಹೆಂಗಸಿನ ಅಂಗಡಿ ಬರಿದಾಗುವುದನ್ನು ನೋಡುತ್ತ ಗುರುತು ಹಾಕಿದ್ದರಲ್ಲ. ಅದನ್ನೂ ಹೇಳಿದೆ. ಅವರು ಗೇರು ಬದಲಿಸಿ, ಹೌದ್ರಿ, ಅದು ನಂದೂ ತಪ್ಪೇ ಎಂದರು.

ಸಂಜೆಗೆ ಮುಂಚೆಯೇ ಸಾಹುಕಾರರ ಗಾದಿಯ ಮುಂದೆ ಕೂತು ಎಲ್ಲ ಹೇಳಿದೆ. ಅವರು ಮೊದಲು ಕಣ್ಣರಳಿಸಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ಮನೆಯಲ್ಲೂ ಹಾಗೇ ಅನ್ನುತ್ತಾರೆ, ತಾವೂ ವರದಿ ಓದುವಾಗ ಹೊಳೆಯಲಿಲ್ಲವಲ್ಲ ಎಂದು ಮತ್ತೆ ನಕ್ಕರು. ನಗು ನಿಂತ ಮೇಲೆ ಆರು ಪತ್ರಗಳನ್ನು ವಾಪಸು ಪಡೆಯಲು ಒಪ್ಪಿದರು. ಗುಡೇಕೋಟೆ ಕಡೆಯ ಅಂಗಡಿಯ ಮಾತು ಬಂದಾಗ ಗದ್ದ ಕೆರೆದುಕೊಂಡರು. ಎದುರು ಮನೆಯವನಿಗೆ ನಾಲ್ಕು ಜನರ ಮುಂದೆ ಮಾತು ಕೊಟ್ಟಿದ್ದರು, ನನ್ನ ವರದಿಯನ್ನೇ ಓದಿ ಕೊಟ್ಟಿದ್ದರು.

"ಈಗ ಬಾಯಿಮಾತಿಗೆ ಬದಲಸಾಕ ಆಗಂಗಿಲ್ಲ ಮೇಷ್ಟ್ರೆ. ಕಾಗದ ನೋಡಿ ಕೊಟ್ಟೀನಿ, ಕಾಗದ ನೋಡೇ ತಗೋಬೇಕು. ಮುಂದಿನ ಟ್ರಿಪ್ಪಿನ್ಯಾಗ ಆಕಿ ಅಂಗಡಿ ಸರಕು ಮುಗದೈತಿ ಅಂತ ಬರಲಿ. ಅವನಿಗೆ ತೋರಸ್ತೀನಿ, ಬೋರ್ಡು ಆಕಿಗೇ ಇರ್ತೈತಿ."

ಅಂದರೆ ಇನ್ನೊಂದು ವಾರ, ಒಂದು ಕಾಗದ. ಅದರಲ್ಲಿ ಏನು ಬರುತ್ತದೆ ಎಂಬುದರ ಮೇಲೆ ಆಕೆಯ ಅಂಗಡಿ ನಿಂತಿತ್ತು.

ನಾನು ಹೊಸ ನಮೂನೆ ಮಾಡಿದೆ. ಹೆಚ್ಚು, ಸಾಕಷ್ಟು, ಕಡಿಮೆ ಮೂರನ್ನೂ ತೆಗೆದುಹಾಕಿದೆ. ಅವುಗಳ ಜಾಗದಲ್ಲಿ ಒಂದೇ ಪ್ರಶ್ನೆ: ಈ ವಾರ ಎಷ್ಟು ಇಳಿಸಲಿ? ಅದಕ್ಕೆ ಉತ್ತರವಾಗಿ ಯಾರೂ ಇಲ್ಲ ಎನ್ನಬೇಕಾಗಿಲ್ಲ, ಹೆಚ್ಚು ಎನ್ನಬೇಕಾಗಿಯೂ ಇಲ್ಲ. ಎರಡು ಚೀಲ, ಒಂದು ಡಬ್ಬಿ ಎಂದರೆ ಸಾಕು. ಪಕ್ಕದಲ್ಲಿ ಇನ್ನೊಂದು ಕಾಲಂ ಇಟ್ಟೆ, ಅದರ ತಲೆಯ ಮೇಲೆ "ಡ್ರೈವರ್ ಅಂದಾಜು" ಎಂದು ಬರೆದೆ. ಆಕೆಯ ಸರಕು ಮುಗಿದಿದೆ ಎಂದು ಅಲ್ಲಿ ಡ್ರೈವರೇ ಬರೆದರೆ ಸಾಹುಕಾರರಿಗೆ ಬೇಕಾದ ಕಾಗದವೂ ಆಯಿತು. ಕೇಳಿದ್ದಕ್ಕೂ ಕಂಡದ್ದಕ್ಕೂ ಬಹಳ ವ್ಯತ್ಯಾಸವಿದ್ದರೆ ಆ ಸಾಲನ್ನು ಲೆಕ್ಕಕ್ಕೆ ಹಾಕುವ ಮೊದಲು ಡ್ರೈವರನ್ನು ಕೇಳುವುದು ಎಂದು ನಿಯಮ ಮಾಡಿಕೊಂಡೆ. ಮುಂದೆ ನಾನು ಆ ಕೆಲಸ ಬಿಡುವವರೆಗೂ ಇದೇ ನಡೆಯಿತು, ಚೆನ್ನಾಗಿಯೇ ನಡೆಯಿತು. ಗಣಿತದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಪ್ರಶ್ನೆ ಕೇಳುವ ರೀತಿ.

ಶುಕ್ರವಾರ ಹೊಸ ನಮೂನೆಗಳನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಕಾಲೇಜಿಗೆ ರಜೆ ಹಾಕಿ ಮತ್ತೆ ಟೆಂಪೋ ಹತ್ತಿದೆ. ಈ ಸಲ ಆಕೆಯ ಹೆಸರಿನಲ್ಲಿ ಅಕ್ಕಿ, ಉಪ್ಪು, ಎಣ್ಣೆ, ಅರಿಶಿನ, ಕುಂಕುಮ, ಬೆಲ್ಲ ಎಲ್ಲ ಹಿಂದೆ ಇತ್ತು. ದಾರಿಯಲ್ಲಿ ಆಕೆಗೆ ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ತಪ್ಪು ನನ್ನದು, ನೀವು ಅಂದದ್ದು ಸರಿಯಾಗಿಯೇ ಇತ್ತು, ಇನ್ನು ಮುಂದೆ ಹೀಗೆ ಕೇಳುತ್ತೇವೆ. ಡ್ರೈವರ್ ಆ ದಿನ ಎಂದೂ ಇಲ್ಲದೆ ಎರಡು ಸಲ ಗೇರು ತಪ್ಪು ಹಾಕಿದರು. ಯಾಕೆಂದು ಕೇಳಲಿಲ್ಲ.

ಹಳ್ಳಿ ತಲುಪಿದಾಗ ಎದುರು ಮನೆಯವನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಆಕೆ ಆಗಲೇ ಪಡಸಾಲೆಯ ಬಾಗಿಲಲ್ಲಿ ನಿಂತಿದ್ದರು. ತಲೆ ಬಾಚಿ, ಹಣೆಗೆ ಅಗಲವಾಗಿ ಕುಂಕುಮ ಇಟ್ಟುಕೊಂಡಿದ್ದರು. ಅತ್ತೆ ಅದೇ ಮೂಲೆಯಲ್ಲಿದ್ದರು. ನಾವಿನ್ನೂ ಗಾಡಿಯಿಂದ ಇಳಿಯುವುದರೊಳಗೆ, ನಾನು ಜೇಬಿಗೆ ಕೈ ಹಾಕಿ ಕಾಗದ ತೆಗೆಯುವ ಮೊದಲೇ ಆಕೆ ಶುರುಮಾಡಿದರು.

"ಉಪ್ಪು ಖಾಲಿ ಐತ್ರಿ. ಅಕ್ಕಿ ಖಾಲಿ. ಎಣ್ಣಿ ಖಾಲಿ."

ಮಗ್ಗಿ ಒಪ್ಪಿಸುವವರ ಹಾಗೆ, ನಮ್ಮಿಬ್ಬರ ತಲೆಯ ಮೇಲಿನಿಂದ ಎಲ್ಲೋ ನೋಡುತ್ತ ಹೇಳುತ್ತಿದ್ದರು. ನಾನು ಡ್ರೈವರ್ ಕಡೆ ತಿರುಗಿದೆ. ಅವರು ತಲೆ ತಗ್ಗಿಸಿ ನನಗಷ್ಟೇ ಕೇಳುವಂತೆ ಹೇಳಿದರು. ನಡುವೆ ಒಂದು ದಿನ ಕೂಡ್ಲಿಗಿಗೆ ಬಂದಿದ್ದಾಗ ತಾವೇ ಇಲ್ಲಿಗೆ ಬಂದು, ಖಾಲಿ ಅಂತ ಅನ್ನದಿದ್ದರೆ ಬೋರ್ಡು ಹೋಗುತ್ತದೆ ಎಂದು ಹೇಳಿಹೋಗಿದ್ದರಂತೆ. ಎರಡು ತಿಂಗಳು ಸುಮ್ಮನಿದ್ದ ತಪ್ಪಿಗೆ ಅವರಿಗೆ ತೋಚಿದ ಪ್ರಾಯಶ್ಚಿತ್ತ ಅದು. ನಾನು ಹೊಸ ನಮೂನೆ ಮಾಡಿರುವುದನ್ನು ಅವರಿಗೆ ಹೇಳಿದ್ದು ಅದೇ ದಿನ ಬೆಳಿಗ್ಗೆ.

"ಅರಿಷಿಣ ಖಾಲಿ," ಎಂದರು ಆಕೆ. ಆಮೇಲೆ ಸ್ವಲ್ಪ ತಡೆದರು. ಅತ್ತೆ ಹುಣಸೆಹಣ್ಣಿನ ಮೊರ ಅಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಅವರು ಒಳಗೆ ಹೋಗುವವರೆಗೂ ಆಕೆ ಕಾದರು.

"ಕುಂಕುಮ ಖಾಲಿ. ಬರ್ಕೊಳ್ರಿ." ಆಗ ಮೊದಲ ಸಲ ನನ್ನ ಮುಖ ನೋಡಿದರು. "ಸಾಕೇನ್ರಿ ಸಾರ್? ಇನ್ನೂ ಏನರ ಅನಬೇಕೇನ್ರಿ?"

ಸಾಕು ಅಕ್ಕ ಎಂದೆ. ಜೋಡಿಸಿಕೊಂಡು ಬಂದಿದ್ದರಲ್ಲಿ ಒಂದನ್ನೂ ಹೇಳಲಿಲ್ಲ. ಹೇಳಿದ್ದರೆ, ಆ ಮಾತುಗಳನ್ನು ತಾನು ಆಡಬೇಕಾಗಿಯೇ ಇರಲಿಲ್ಲ ಎಂದು ಆಕೆಗೆ ಗೊತ್ತಾಗುತ್ತಿತ್ತು. ಜೇಬಿನೊಳಗಿನ ಕೈಯನ್ನು ಹಾಗೇ ಖಾಲಿ ಹೊರಗೆ ತೆಗೆದೆ. ಡ್ರೈವರ್ ಅರ್ಥಮಾಡಿಕೊಂಡು ಸೀಟಿನ ಕೆಳಗಿನಿಂದ ಹಳೆಯ ನಮೂನೆಯೊಂದನ್ನು ಎಳೆದು, ಬಾನೆಟ್ಟಿನ ಮೇಲೆ ಹರವಿ, "ಕಡಿಮೆ" ಕಾಲಂನಲ್ಲಿ ಒಂದರ ಕೆಳಗೊಂದು ಐದು ಗುರುತು ಹಾಕಿದರು.